ಅಡಿಕೆ ಅಗಿದ ಕೆನ್ನೆಯ ಒಳಗೆ ಏನಾಗುತ್ತದೆ

ಬಾಯಿ ಪೂರ್ತಿ ತೆರೆದು, ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ಹಲ್ಲುಗಳ ನಡುವೆ ಇಟ್ಟು ನೋಡಿ. ಹೆಚ್ಚಿನವರಿಗೆ ಸಲೀಸಾಗಿ ಹೋಗುತ್ತದೆ. ವರ್ಷಗಟ್ಟಲೆ ಗುಟ್ಕಾ, ಪಾನ್ ಮಸಾಲಾ ಅಗಿದ ಕೆಲವರಿಗೆ ಎರಡು ಬೆರಳೂ ಹೋಗುವುದಿಲ್ಲ. ಖಾರ ತಾಗಿದರೆ ಬಾಯೆಲ್ಲ ಉರಿ. ದಂತವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ.

ಕೆನ್ನೆಯ ಒಳಮೈಯಲ್ಲಿ ಮೇಲಿರುವುದು ತೆಳುವಾದ ಹೊದಿಕೆ. ಅದರ ಕೆಳಗೆ ಮೆತ್ತನೆಯ ಅಂಗಾಂಶ, ಅದರಲ್ಲಿ ರಕ್ತನಾಳಗಳು ಮತ್ತು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು. ಎಳೆಗಳನ್ನು ತಯಾರಿಸುವುದು ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶ. ಹಳೆಯ ಎಳೆ ಕರಗುತ್ತಾ, ಹೊಸದು ಬರುತ್ತಾ ಇರುತ್ತದೆ. ಕೆನ್ನೆ ಮೆತ್ತಗಿರುವುದು ಈ ಲೆಕ್ಕ ಸರಿಯಾಗಿರುವುದರಿಂದ.

ಅಡಿಕೆ ಈ ಲೆಕ್ಕವನ್ನು ಎರಡೂ ಕಡೆಯಿಂದ ಕೆಡಿಸುತ್ತದೆ. ಅದರ ಒರಟು ಚೂರುಗಳು ಒಳಮೈಯನ್ನು ತರಚುತ್ತವೆ, ಅಲ್ಲಿ ಉರಿಯೂತ ಶುರುವಾಗುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಜಾಸ್ತಿ ಕೊಲಾಜೆನ್ ತಯಾರಿಸುವಂತೆ ಫೈಬ್ರೋಬ್ಲಾಸ್ಟ್‌ಗಳನ್ನು ಕೆರಳಿಸುತ್ತದೆ. ಒಗರು ಕೊಡುವ ಟ್ಯಾನಿನ್, ತಯಾರಾದ ಎಳೆಗಳು ಕರಗದಂತೆ ಮಾಡುತ್ತದೆ. ಅಡಿಕೆಯಲ್ಲಿ ತಾಮ್ರವೂ ಸಾಕಷ್ಟಿದೆ. ಎಳೆಗೆ ಎಳೆ ಬೆಸೆಯುವ ಕಿಣ್ವ ಕೆಲಸ ಮಾಡುವುದು ತಾಮ್ರದ ಬಲದಿಂದಲೇ. ಬಿಡಿಬಿಡಿಯಾಗಿದ್ದ ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡಿದಂತೆ, ಕೆನ್ನೆಯೊಳಗೆ ಬಿಗಿಯಾದ ಪಟ್ಟಿಗಳು ಮೂಡುತ್ತವೆ. ಬೆರಳಿಟ್ಟರೆ ಕೈಗೇ ಸಿಗುತ್ತವೆ.

ನನ್ನನ್ನು ಹೆಚ್ಚು ಕಾಡುವ ವಿಷಯ ಇದು: ಇಲ್ಲಿ ಯಾವ ರೋಗಾಣುವೂ ಇಲ್ಲ. ಗಾಯ ಮಾಯಿಸಲು ದೇಹಕ್ಕೆ ಗೊತ್ತಿರುವ ಕೆಲಸವೇ ನಡೆಯುತ್ತಿದೆ. ದಿನಾ ಅಗಿಯುತ್ತಿದ್ದರೆ ಅದು ನಿಲ್ಲುವುದಕ್ಕೆ ಅವಕಾಶವೇ ಇಲ್ಲ, ಅಲ್ವಾ? ಮಾಯುವ ಬದಲು ಕಲೆಯ ಮೇಲೆ ಕಲೆ ಕಟ್ಟುತ್ತಾ ಹೋಗುತ್ತದೆ.

ಕೊಲಾಜೆನ್ ಒತ್ತಿಕೊಂಡಂತೆ ರಕ್ತನಾಳಗಳು ಕಿರಿದಾಗುತ್ತವೆ. ಕೆನ್ನೆ ಬಿಳಿಚಿಕೊಳ್ಳುತ್ತದೆ. ಮೇಲಿನ ಹೊದಿಕೆ ಸೊರಗಿ ಇನ್ನಷ್ಟು ತೆಳುವಾಗುತ್ತದೆ, ಅದಕ್ಕೇ ಖಾರ ತಡೆಯುವುದಿಲ್ಲ. ಕೆಲವರಲ್ಲಿ ಇದೇ ಹೊದಿಕೆಯ ಜೀವಕೋಶಗಳು ಅಂಕೆ ತಪ್ಪುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶದ ಕೇಂದ್ರ ದೊಡ್ಡದಾಗಿ, ಕಪ್ಪಾಗಿ ಕಾಣುತ್ತದೆ. ಪದರಗಳ ಸಾಲು ಕಲಸಿಹೋಗಿರುತ್ತದೆ. ಈ ಜೀವಕೋಶಗಳು ತಳದ ಪೊರೆಯನ್ನು ದಾಟಿ ಕೆಳಗೆ ಇಳಿದರೆ ಅದು ಕ್ಯಾನ್ಸರ್. ಕೇರಳದ ಎರ್ನಾಕುಲಂನಲ್ಲಿ ಈ ಕಾಯಿಲೆಯಿದ್ದ 66 ಜನರನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿದಾಗ 5 ಜನರಿಗೆ ಬಾಯಿಯ ಕ್ಯಾನ್ಸರ್ ಬಂದಿತ್ತು.

ತಂಬಾಕು ಇಲ್ಲದಿದ್ದರೆ ಪರವಾಗಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದು ಪ್ರಕಟಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಮ್ಮ ರಾಜ್ಯ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಅನ್ನ ಅದರಿಂದಲೇ. ಅದು ಗೊತ್ತಿದ್ದೂ ಜೀವಕೋಶ ಹೇಳುತ್ತಿರುವುದನ್ನು ಮುಚ್ಚಿಡಲು ಆಗುವುದಿಲ್ಲ. ಅದರಲ್ಲೂ ಪ್ಯಾಕೆಟ್‌ನ ಒಣ ಅಡಿಕೆ ಎಲೆ ಅಡಿಕೆಗಿಂತ ಬೇಗ ಈ ಕಾಯಿಲೆ ತರುತ್ತದೆ. ಹದಿಹರೆಯದ ಹುಡುಗರ ಕೈಗೆ ಸುಲಭವಾಗಿ ಸಿಗುವುದೂ ಅದೇ.

ಅಗಿಯುವುದನ್ನು ಬಿಟ್ಟರೆ ಕಾಯಿಲೆ ಮುಂದೆ ಹೋಗುವ ವೇಗ ತಗ್ಗುತ್ತದೆ. ಆದರೆ ಬೆಸೆದುಕೊಂಡ ಕೊಲಾಜೆನ್ ಸುಮ್ನೆ ಕರಗಿ ಹೋಗುವುದಿಲ್ಲ. ಇಂಜೆಕ್ಷನ್, ಬಾಯಿ ತೆರೆಯುವ ವ್ಯಾಯಾಮ, ಕೊನೆಗೆ ಶಸ್ತ್ರಚಿಕಿತ್ಸೆ ಇವೆ. ಪಟ್ಟಿ ಕತ್ತರಿಸಿದ ಮೇಲೂ ವ್ಯಾಯಾಮ ಬಿಟ್ಟರೆ ಬಾಯಿ ಮತ್ತೆ ಬಿಗಿಯಬಹುದು. ಹಾಗಾಗಿ ಬಿಗಿತಕ್ಕೆ ಕಾಯಬೇಡಿ. ಅಡಿಕೆ ಅಗಿಯುವವರಿಗೆ ಊಟ ಮಾಡುವಾಗ ಬಾಯಿ ಉರಿಯತೊಡಗಿದರೆ, ಆಗಲೇ ದಂತವೈದ್ಯರಿಗೆ ತೋರಿಸಿ.