ಜೈಲಿನಲ್ಲಿ ರೋಜಾ: ಊಟದ ಹೊತ್ತು ಬದಲಿಸದಿದ್ದರೆ ಕೋರ್ಟಿಗೆ ಹೋಗಬಹುದಾ?

ಪ್ರಶ್ನೆ: ನನ್ನ ತಮ್ಮ ವಿಚಾರಣಾಧೀನ ಕೈದಿ. ರಂಜಾನ್‌ನಲ್ಲಿ ರೋಜಾ ಇರುತ್ತೇನೆ, ಊಟದ ಹೊತ್ತು ಬದಲಿಸಿ ಅಂತ ಕೇಳಿದ್ದಕ್ಕೆ ಆಗಲ್ಲ ಅಂದರಂತೆ. ಜೈಲಿಗೆ ಹೋದವರಿಗೆ ಧರ್ಮದ ಹಕ್ಕು ಇರಲ್ವಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಇರುತ್ತದೆ. ಜೈಲಿಗೆ ಹೋದ ಮಾತ್ರಕ್ಕೆ ಮೂಲಭೂತ ಹಕ್ಕುಗಳೆಲ್ಲ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲೇ ಹೇಳಿದೆ. ಧರ್ಮ ಆಚರಿಸುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಕೈದಿಗೂ ಅನ್ವಯಿಸುತ್ತದೆ. ಕೇಂದ್ರದ 2016ರ ಮಾದರಿ ಜೈಲು ಕೈಪಿಡಿಯಲ್ಲಂತೂ ಉಪವಾಸ ಇರುವವರಿಗೆ ಊಟದ ಸಮಯ ಬದಲಿಸುವ ಮಾತೇ ಇದೆ.

ಹಾಗಂತ ಕೇಳಿದ್ದೆಲ್ಲ ಸಿಗುತ್ತದೆ ಅಂತಲ್ಲ. ಬ್ಯಾರಕ್‌ನಲ್ಲಿ ಎಣ್ಣೆ ದೀಪ ಹಚ್ಚಬೇಡಿ ಅಂದರೆ ಅದು ಬೆಂಕಿಯ ಭಯ. ಎಲ್ಲರಿಗೂ ಅದೇ ನಿಯಮವಾದರೆ ತಾರತಮ್ಯ ಅನ್ನುವುದು ಕಷ್ಟ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಆಗ ತಾರತಮ್ಯ ಮಾಡಬಾರದು ಎನ್ನುವ 15ನೇ ವಿಧಿ ಬರುತ್ತದೆ. ಕಸ ಗುಡಿಸೋದು ಒಂದು ಜಾತಿಗೆ, ಅಡುಗೆ ಇನ್ನೊಂದು ಜಾತಿಗೆ ಅಂತ ಹಂಚುತ್ತಿದ್ದ ಜೈಲು ನಿಯಮಗಳನ್ನು 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತಲ್ಲ, ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ್ದ ಕೇಸು, ಅಲ್ಲೂ ಈ ವಿಧಿ ಬಂದಿತ್ತು. ಆ ವಿಧಿಯಲ್ಲಿ ಜಾತಿಯ ಜೊತೆಗೆ ಧರ್ಮದ ಹೆಸರೂ ಇದೆ.

ನನ್ನ ಪ್ರಕಾರ ಇಂಥ ದೂರು ನಿಲ್ಲುವುದೂ ಬೀಳುವುದೂ ಅರ್ಜಿಯ ಮೇಲೆ. ‘ನಮ್ಮ ಧರ್ಮಕ್ಕೆ ಅವಮಾನ ಮಾಡುತ್ತಾರೆ’ ಅಂತ ಸುಮ್ನೆ ಬರೆದರೆ ಯಾರೂ ಏನೂ ಮಾಡೋಕಾಗಲ್ಲ. ‘ಇಂಥ ತಾರೀಖು ಬೆಳಗಿನ ಜಾವದ ಊಟ ಕೇಳಿದೆ. ಇಂಥವರು ಇಲ್ಲ ಅಂದರು. ಕಳೆದ ತಿಂಗಳು ಇದೇ ಬ್ಯಾರಕ್‌ನಲ್ಲಿ ಏಕಾದಶಿ ಮಾಡಿದವರಿಗೆ ಬೇರೆ ಹೊತ್ತಿಗೆ ಕೊಟ್ಟಿದ್ದರು’ ಅಂತ ಬರೆದರೆ ಜೈಲಿನವರು ಉತ್ತರ ಕೊಡಲೇಬೇಕಾಗುತ್ತದೆ. ನಿಜವಾಗಿ ನಡೆದದ್ದನ್ನೇ ಬರೆಯಿರಿ, ಅಷ್ಟೆ.

ಮೊದಲು ಜೈಲು ಸೂಪರಿಂಟೆಂಡೆಂಟ್‌ಗೆ ಲಿಖಿತ ಅರ್ಜಿ, ಒಂದು ಪ್ರತಿ ನಿಮ್ಮ ಹತ್ತಿರ. ತಮ್ಮನನ್ನು ಕೋರ್ಟಿಗೆ ಹಾಜರುಪಡಿಸಿದ ದಿನ, ವಿಡಿಯೊದಲ್ಲಾದರೂ ಸರಿ, ನ್ಯಾಯಾಧೀಶರ ಮುಂದೆಯೇ ಹೇಳಬಹುದು. ಅದಕ್ಕೂ ಬಗ್ಗದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಅಂದರೆ ಹಕ್ಕು ಕಾಪಾಡಿ ಎಂದು ನೇರವಾಗಿ ಕೇಳುವ ಅರ್ಜಿ.

ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಕಸ್ಟಡಿಯಲ್ಲಿರುವ ಯಾರಿಗೇ ಆದರೂ ವಕೀಲರು ಉಚಿತ, ಆದಾಯ ಎಷ್ಟೇ ಇರಲಿ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಮಳೆಯಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋಗುವ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಒಂದು ಫೋನ್ ಮಾಡಿ. ತಮ್ಮನ ಕೇಸ್ ನಂಬರ್ ಕೈಯಲ್ಲಿರಲಿ.