ಖಾಸಗಿ ದ್ವೀಪದ ರೆಸಾರ್ಟ್ ನಿಜಕ್ಕೂ ‘ಇಕೋ’ ಹೌದೋ ಅಲ್ಲವೋ, ತಿಳಿಯುವುದು ಹೇಗೆ?

ಓದುಗರ ಪ್ರಶ್ನೆ: ದೂರದ ಖಾಸಗಿ ದ್ವೀಪವೊಂದರ ರೆಸಾರ್ಟ್‌ನಲ್ಲಿ ನಾಲ್ಕು ದಿನ ಇದ್ದು ಬರಬೇಕು ಅಂತಿದ್ದೇವೆ. ಎಲ್ಲ ರೆಸಾರ್ಟ್‌ಗಳೂ ‘ಇಕೋ’, ಅಂದರೆ ಪರಿಸರಸ್ನೇಹಿ, ಎಂದೇ ಹೇಳಿಕೊಳ್ಳುತ್ತವೆ. ಖರ್ಚಂತೂ ಜಾಸ್ತಿ. ಯಾರ ಮಾತು ನಿಜ ಅಂತ ಬುಕ್ ಮಾಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ ಗೊತ್ತು ಮಾಡಿಕೊಳ್ಳಬಹುದು. ಆದರೆ ಫೋಟೊ ನೋಡಿ ಅಲ್ಲ. ಹುಲ್ಲಿನ ಚಾವಣಿ, ಬಿದಿರಿನ ಗೋಡೆ, ಮರದ ಹಲಗೆಯ ದಾರಿ ಇವೆಲ್ಲ ನೋಟಕ್ಕೆ ಚೆಂದ, ಅಷ್ಟೇ. ಸಣ್ಣ ದ್ವೀಪದಲ್ಲಿ ಮುಖ್ಯವಾದ ಸಂಗತಿಗಳು ಅತಿಥಿಯ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದೇ ಇಲ್ಲ. ನೀರು ಎಲ್ಲಿಂದ ಬರುತ್ತದೆ, ಕರೆಂಟ್ ಹೇಗೆ ಬರುತ್ತದೆ, ಕೊಳಚೆ ಮತ್ತು ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು.

ಮೊದಲು ನೀರನ್ನೇ ನೋಡೋಣ. ಹವಳದ ದ್ವೀಪಗಳಲ್ಲಿ ಸಾಮಾನ್ಯವಾಗಿ ಹೊಳೆ ಇರುವುದಿಲ್ಲ. ಮಳೆನೀರು ಮರಳಲ್ಲಿ ಇಂಗಿ, ನೆಲದಡಿಯ ಉಪ್ಪುನೀರಿನ ಮೇಲೆ ನಿಲ್ಲುತ್ತದೆ. ಸಿಹಿನೀರು ಹಗುರ, ಅದಕ್ಕೇ ತೇಲುತ್ತದೆ. ಈ ಸಿಹಿನೀರು ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಇರಬಹುದು ಎಂಬುದು ಭೂಜಲ ತಜ್ಞರ ಹಳೆಯ ಲೆಕ್ಕ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ, ಭಯವಾಗುತ್ತದೆ. ಪಂಪು ಹಾಕಿ ಎಳೆದು ಮೇಲಿನ ಮಟ್ಟ ಒಂದು ಗೇಣು ಇಳಿದರೂ, ಕೆಳಗಿನ ಉಪ್ಪುನೀರು ಎಷ್ಟೋ ಮೀಟರ್ ಮೇಲೇರಿ ಬರುತ್ತದೆ. ಆಮೇಲೆ ಬಾವಿಗಳು ಉಪ್ಪಾಗುತ್ತವೆ, ಮರಗಳು ಒಣಗುತ್ತವೆ.

ಅದಕ್ಕೇ ಬಹಳಷ್ಟು ರೆಸಾರ್ಟ್‌ಗಳು ಸಮುದ್ರದ ನೀರನ್ನೇ ಆರ್‌ಓ ಪ್ಲಾಂಟ್‌ನಲ್ಲಿ ಸಿಹಿ ಮಾಡುತ್ತವೆ. ದೊಡ್ಡ ಪ್ಲಾಂಟ್‌ಗಳಲ್ಲೇ 1000 ಲೀಟರ್‌ಗೆ ಸುಮಾರು 3ರಿಂದ 4 ಯೂನಿಟ್ ಕರೆಂಟ್ ಬೇಕು. ಸಣ್ಣ ಪ್ಲಾಂಟ್‌ಗಳಿಗೆ ಇನ್ನೂ ಜಾಸ್ತಿ. ಆ ಕರೆಂಟ್ ಡೀಸೆಲ್ ಜನರೇಟರ್‌ನಿಂದ ಬರುತ್ತಿದ್ದರೆ, ನೀವು ಸ್ನಾನ ಮಾಡಿದಷ್ಟೂ ಡೀಸೆಲ್ ಉರಿಯುತ್ತದೆ. ಪ್ಲಾಂಟ್‌ನಿಂದ ಹೊರಬೀಳುವ ಗಟ್ಟಿ ಉಪ್ಪುನೀರನ್ನು ಎಲ್ಲಿ ಬಿಡುತ್ತಾರೆ ಎಂಬುದೂ ಮುಖ್ಯ. ಹವಳದ ಪಕ್ಕದಲ್ಲೇ ಬಿಟ್ಟರೆ ಹವಳಕ್ಕೆ ಪೆಟ್ಟು. ನಾಲ್ಕು ಹೆಜ್ಜೆ ದೂರದಲ್ಲಿ ಸಮುದ್ರವೇ ಇರುವಾಗ ಪ್ರತಿ ವಿಲ್ಲಾಕ್ಕೂ ಒಂದೊಂದು ಸಿಹಿನೀರಿನ ಈಜುಕೊಳ ಕಟ್ಟಿ ‘ಇಕೋ’ ಎಂದರೆ ನನಗೆ ಒಪ್ಪಲು ಆಗುವುದಿಲ್ಲ.

ಬೇರೆ ದಾರಿಯೂ ಇದೆ. ತಾಂಜಾನಿಯಾದ ಜಾಂಜಿಬಾರ್ ಹತ್ತಿರದ ಚುಂಬೆ ದ್ವೀಪದಲ್ಲಿ ಏಳೇ ಬಂಗಲೆಗಳಿವೆ. ಚಾವಣಿಯ ಮೇಲೆ ಬಿದ್ದ ಮಳೆನೀರನ್ನು ಆಯಾ ಬಂಗಲೆಯಡಿಯ ತೊಟ್ಟಿಯಲ್ಲೇ ತುಂಬಿಟ್ಟುಕೊಳ್ಳುತ್ತಾರೆ. ಶೌಚಕ್ಕೆ ನೀರು ಸುರಿಯಬೇಕಿಲ್ಲ, ಅಲ್ಲಿ ಇರುವುದು ಗೊಬ್ಬರವಾಗುವ ಟಾಯ್ಲೆಟ್. ಎಸಿ ಇಲ್ಲ, ಸಮುದ್ರದ ಗಾಳಿಯೇ ಸಾಕು. 1994ರಿಂದ ಅಲ್ಲಿನ ಹವಳದ ದಂಡೆ ಸಂರಕ್ಷಿತ ಪ್ರದೇಶ. ಪ್ರವಾಸಿಗರು ಕೊಡುವ ಹಣದಿಂದಲೇ ಅದರ ಕಾವಲು ನಡೆಯುತ್ತದೆ.

ಎಸಿ ಬೇಕೇ ಬೇಕು ಅನ್ನುವವರಿಗೂ ಒಂದು ಒಳ್ಳೆಯ ಉದಾಹರಣೆ ಇದೆ. ಫ್ರೆಂಚ್ ಪಾಲಿನೇಷಿಯಾದ ಟೆಟಿಯಾರೋವಾ ಹವಳ ದ್ವೀಪದಲ್ಲಿ 2014ರಲ್ಲಿ ಶುರುವಾದ ‘ದ ಬ್ರಾಂಡೊ’ ರೆಸಾರ್ಟ್, 900 ಮೀಟರ್‌ಗೂ ಹೆಚ್ಚು ಆಳದಿಂದ ತಣ್ಣನೆಯ ಸಮುದ್ರದ ನೀರನ್ನು ಮೇಲೆ ತರುತ್ತದೆ. ಆ ತಂಪಿನಿಂದಲೇ ಕಟ್ಟಡಗಳು ತಣ್ಣಗಾಗುತ್ತವೆ. ಕರೆಂಟ್ ಮುಖ್ಯವಾಗಿ ಬೇಕಾಗುವುದು ನೀರನ್ನು ಓಡಾಡಿಸಲು ಮಾತ್ರ. ಸೊಳ್ಳೆ ಕಾಟಕ್ಕೂ ಅಲ್ಲಿ ಜಾಣ ಉಪಾಯ ಮಾಡಿದ್ದಾರೆ. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವ ಗಂಡು ಸೊಳ್ಳೆಗಳನ್ನು ಬಿಡುತ್ತಾರೆ. ಅವುಗಳ ಜೊತೆ ಕೂಡಿದ ಹೆಣ್ಣು ಸೊಳ್ಳೆಗಳ ಮೊಟ್ಟೆ ಒಡೆಯುವುದಿಲ್ಲ. ಬೇರೆ ಕಡೆ ಸಂಜೆಯಾದರೆ ಔಷಧಿ ಹೊಗೆ ಬಿಡುತ್ತಾರೆ. ಅದು ಸೊಳ್ಳೆಯ ಜೊತೆ ಚಿಟ್ಟೆ, ಜೇನುಹುಳಗಳನ್ನೂ ಕೊಲ್ಲುತ್ತದೆ. ‘ಸೊಳ್ಳೆಗೆ ಏನು ಮಾಡುತ್ತೀರಿ?’ ಎಂದು ಕೇಳಿ ನೋಡಿ, ಅದೊಂದೇ ಪ್ರಶ್ನೆಯಿಂದ ಬಹಳ ತಿಳಿಯುತ್ತದೆ.

ಕೊಳಚೆ ನೀರನ್ನು ಶುದ್ಧ ಮಾಡದೆ ಬಿಟ್ಟರೆ ಅದರ ಸಾರ ತಿಂದು ಪಾಚಿ ಹಬ್ಬಿ, ಹವಳವನ್ನು ಮುಚ್ಚಿಬಿಡುತ್ತದೆ. ಕಸದ ಕಥೆಗೆ ಮಾಲ್ಡೀವ್ಸ್‌ನ ತಿಲಫುಶಿ ಸಾಕು. 1990ರ ದಶಕದ ಆರಂಭದಿಂದ ಲಗೂನ್‌ಗೆ (ಹವಳದ ದಂಡೆಯೊಳಗಿನ ಆಳವಿಲ್ಲದ ಸಮುದ್ರಕ್ಕೆ) ಕಸ ಸುರಿದು ಸುರಿದೇ ಅಲ್ಲಿ ಒಂದು ದ್ವೀಪ ಎದ್ದಿತು. ರೆಸಾರ್ಟ್‌ಗಳ ಕಸವೂ ಅಲ್ಲಿಗೆ ಹೋಗಿದೆ. ಹಾಗಾಗಿ ‘ನಾವು ಪ್ಲಾಸ್ಟಿಕ್ ಸ್ಟ್ರಾ ಕೊಡುವುದಿಲ್ಲ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಉಳಿದ ಕಸ ದೋಣಿ ಹತ್ತಿ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ.

ಹಾನಿ ಕಮ್ಮಿ ಮಾಡುವುದು ಒಂದು ಹಂತ. ದ್ವೀಪ ಮೊದಲಿಗಿಂತ ಚೆನ್ನಾಗಿದೆಯಾ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಇಂಡೊನೇಷಿಯಾದ ರಾಜಾ ಅಂಪಟ್‌ನಲ್ಲಿರುವ ಮಿಸೂಲ್ ರೆಸಾರ್ಟ್ ನಿಂತಿರುವ ಜಾಗದಲ್ಲಿ ಹಿಂದೆ ಶಾರ್ಕ್‌ಗಳ ರೆಕ್ಕೆ ಕತ್ತರಿಸುವ ಬಿಡಾರವಿತ್ತು. ಈಗ ಸುತ್ತಲಿನ ಸಮುದ್ರದಲ್ಲಿ ಮೀನು ಹಿಡಿಯುವಂತಿಲ್ಲ, ಸ್ಥಳೀಯರೇ ದೋಣಿಯಲ್ಲಿ ಗಸ್ತು ತಿರುಗುತ್ತಾರೆ. ಸೇಶೆಲ್ಸ್‌ನ ನಾರ್ತ್ ಐಲ್ಯಾಂಡ್‌ನಲ್ಲಿ 2005ರಲ್ಲಿ ಇಲಿಗಳನ್ನು ಪೂರ್ತಿ ತೆಗೆದರು. ಹಡಗಿನಲ್ಲಿ ಬಂದು ಸೇರಿಕೊಂಡ ಇಲಿಗಳು ಹಕ್ಕಿಗಳ ಮೊಟ್ಟೆ, ಮರಿ ಎರಡನ್ನೂ ತಿನ್ನುತ್ತವೆ. ಇಲಿಗಳು ಹೋದ ಮೇಲೆ ಅಪರೂಪದ ಸೇಶೆಲ್ಸ್ ವೈಟ್-ಐ ಹಕ್ಕಿಯನ್ನು ಅಲ್ಲಿಗೆ ತಂದು ನೆಲೆಗೊಳಿಸಿದರು. ಇಂಥ ಕೆಲಸಕ್ಕೆ ನಿಮ್ಮ ಹಣ ಹೋಗುತ್ತದೆ ಎಂದರೆ ಆ ದೊಡ್ಡ ಬಿಲ್ಲಿಗೂ ಒಂದು ಅರ್ಥ ಬರುತ್ತದೆ.

ಇನ್ನು ವಿಮಾನ. ಇದನ್ನು ಮುಚ್ಚಿಡುವಂತಿಲ್ಲ. ದೂರದ ದ್ವೀಪಕ್ಕೆ ಹೋಗಿ ಬಂದರೆ, ಇಡೀ ಪ್ರವಾಸದ ಇಂಗಾಲದಲ್ಲಿ ದೊಡ್ಡ ಪಾಲು ಅನೇಕ ಸಲ ಹಾರಾಟದ್ದೇ. ಬಿದಿರಿನ ಬ್ರಷ್‌ನಿಂದ ಅದು ಸರಿಹೋಗುವುದಿಲ್ಲ. ಬಿಸಿನೆಸ್ ಕ್ಲಾಸ್ ಸೀಟು ಜಾಸ್ತಿ ಜಾಗ ಹಿಡಿಯುತ್ತದೆ, ಹಾಗಾಗಿ ದೂರದ ಹಾರಾಟದಲ್ಲಿ ಅದರ ಪಾಲು ಎಕಾನಮಿಯ ಸುಮಾರು ಮೂರು ಪಟ್ಟು. ಹೋಗುವುದೇ ಆದರೆ ನಾಲ್ಕು ದಿನದ ಬದಲು ಹೆಚ್ಚು ದಿನ ಇರಿ. ಎರಡು ಸಲ ಹೋಗುವ ಕಡೆ ಒಂದೇ ಸಲ ಹೋಗಿ. ಕೊನೆಯ ಹಂತಕ್ಕೆ ಎಲ್ಲರೂ ಸೇರಿ ಹೋಗುವ ದೋಣಿ ಇದ್ದರೆ ಸೀಪ್ಲೇನ್ ಬೇಡ.

ಪ್ರಮಾಣಪತ್ರ ನೋಡಿದರೆ ಸಾಲದಾ? ಸ್ವಲ್ಪ ಸಹಾಯವಾಗುತ್ತದೆ. ಗ್ಲೋಬಲ್ ಸಸ್ಟೈನಬಲ್ ಟೂರಿಸಂ ಕೌನ್ಸಿಲ್ ಮಾನದಂಡಗಳನ್ನು ರೂಪಿಸುತ್ತದೆ, ಆದರೆ ಹೋಟೆಲ್‌ಗಳಿಗೆ ತಾನೇ ಪ್ರಮಾಣಪತ್ರ ಕೊಡುವುದಿಲ್ಲ. ಅದರ ಮಾನ್ಯತೆ ಪಡೆದ ಸಂಸ್ಥೆಗಳು ಬಂದು ತಪಾಸಣೆ ಮಾಡಿ ಕೊಡುತ್ತವೆ. ಲೀಡ್ (LEED) ಎಂಬ ಹಸಿರು ಕಟ್ಟಡದ ಪ್ರಮಾಣಪತ್ರ ಮುಖ್ಯವಾಗಿ ಕಟ್ಟಡಕ್ಕೆ ಸಂಬಂಧಿಸಿದ್ದು, ಸುತ್ತಲಿನ ಸಮುದ್ರದ ಪೂರ್ತಿ ಕಥೆ ಅದು ಹೇಳುವುದಿಲ್ಲ. ರೆಸಾರ್ಟ್ ತನಗೆ ತಾನೇ ಅಂಟಿಸಿಕೊಂಡ ಹಸಿರು ಎಲೆಯ ಚಿತ್ರಕ್ಕೆ ಬೆಲೆಯೇ ಇಲ್ಲ.

ಆದ್ದರಿಂದ ಬುಕ್ ಮಾಡುವ ಮುಂಚೆ ಒಂದು ಇಮೇಲ್ ಬರೆಯಿರಿ. ಕರೆಂಟ್‌ನಲ್ಲಿ ಸೌರಶಕ್ತಿಯ ಪಾಲೆಷ್ಟು, ನೀರು ಹೇಗೆ, ಕಸ ಎಲ್ಲಿಗೆ, ಕಡಲಾಮೆ ಮೊಟ್ಟೆ ಇಡುವ ಕಾಲದಲ್ಲಿ ದಡದ ದೀಪ ಆರಿಸುತ್ತೀರಾ ಎಂದು ಕೇಳಿ. ಮರಿಯಾಮೆಗಳು ಬೆಳಕು ಇರುವ ಕಡೆಗೇ ನಡೆಯುತ್ತವೆ, ವಿಲ್ಲಾಗಳ ದೀಪ ಉರಿಯುತ್ತಿದ್ದರೆ ಸಮುದ್ರದ ದಾರಿ ತಪ್ಪುತ್ತವೆ. ನಿಜವಾಗಿ ಕೆಲಸ ಮಾಡುವ ಜಾಗದಿಂದ ಅಂಕಿ ಸಮೇತ ಉತ್ತರ ಬರುತ್ತದೆ, ಇನ್ನೂ ಆಗದಿರುವುದನ್ನೂ ಹೇಳುತ್ತಾರೆ. ‘ಪ್ರಕೃತಿಯ ಮಡಿಲಲ್ಲಿ ಮರೆಯಲಾಗದ ಅನುಭವ’ ಅಂತ ಮಾತ್ರ ಬಂದರೆ ಬೇರೆ ದ್ವೀಪ ಹುಡುಕಿ.