ಪದ ಪರಿಚಯ: ಅರ್ಜಿ ಶುಲ್ಕ

ಅರ್ಜಿ ಶುಲ್ಕ ಅಂದರೆ ನಮ್ಮ ಅರ್ಜಿಯನ್ನು ತೆಗೆದು ನೋಡುವುದಕ್ಕೆ ಸರ್ಕಾರ ತೆಗೆದುಕೊಳ್ಳುವ ರೊಕ್ಕ. ಅದು ವೀಸಾದ ಬೆಲೆಯಲ್ಲ, ಪೌರತ್ವದ ಬೆಲೆಯೂ ಅಲ್ಲ. ಕಾಗದ ಪರಿಶೀಲಿಸಬೇಕು, ಬೆರಳ ಗುರುತು ತೆಗೆಯಬೇಕು, ಹಿನ್ನೆಲೆ ತಪಾಸಣೆ ಮಾಡಬೇಕು, ಸಂದರ್ಶನ ನಡೆಸಬೇಕು, ಕೊನೆಗೆ ಹೂಂ ಅಥವಾ ಉಹೂಂ ಅಂತ ಬರೆದು ಕಳಿಸಬೇಕು. ಇಷ್ಟು ಕೆಲಸಕ್ಕೆ ಆ ರೊಕ್ಕ. ಉಹೂಂ ಅಂದರೂ ಕೆಲಸ ಮುಗಿದಿದೆ ಅಂತಲೇ ಲೆಕ್ಕ. ಹತ್ತನೇ ತರಗತಿ ಪರೀಕ್ಷೆ ಫೀಸು ಹೇಗೋ ಹಾಗೆ: ಫೇಲಾದರೆ ಯಾರೂ ವಾಪಸ್ ಕೊಡುವುದಿಲ್ಲ.

ಆದರೆ ಕಟ್ಟಿದವರಿಗೆ ಇದು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ. ರಾಯಚೂರಿನ ಸ್ಟೇಷನ್ ರೋಡಿನ ಒಂದು ನೆಟ್ ಸೆಂಟರ್‌ನಲ್ಲಿ ಹಿರಿಯರೊಬ್ಬರು ಮಗನ ಫೈಲು ಹಿಡಿದು ನಿಂತಿದ್ದರು. ಹೈದರಾಬಾದ್‌ನ ಅಮೆರಿಕ ಕಾನ್ಸುಲೇಟ್‌ನಲ್ಲಿ ಹುಡುಗನ ಸ್ಟೂಡೆಂಟ್ ವೀಸಾ ರಿಜೆಕ್ಟ್ ಆಗಿತ್ತು.

"ಕೊಡಂಗಿಲ್ಲ ಅಂದಾರಲ್ಲ, ಮತ್ತ ರೊಕ್ಕ ಯಾವಾಗ ಅಕೌಂಟಿಗೆ ಬರ್ತದಪಾ?"

"ಬರಂಗಿಲ್ರಿ ಕಾಕಾ. ಅದು ಇಂಟರ್‌ವ್ಯೂ ತಗೊಂಡಿದ್ದಕ್ಕ ಕಟ್ಟಿದ ಫೀಸು."

"ಎರಡು ನಿಮಿಷ ಮಾತಾಡ್ಸಿದ್ದಕ್ಕಾ?"

ಅವರ ಫೈಲಿನಲ್ಲಿ ಮೂರು ಚೀಟಿ ಇದ್ದವು. ಒಂದು, ವೀಸಾ ಅರ್ಜಿಗೆ ಕಟ್ಟಿದ 185 ಡಾಲರ್. ಇನ್ನೊಂದು, ಸೆವಿಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಗೆ ಕಟ್ಟಿದ 350 ಡಾಲರ್. ಇವೆರಡೂ ಸರ್ಕಾರಿ ಶುಲ್ಕ. ಮೂರನೆಯದು ಕನ್ಸಲ್ಟೆಂಟ್ ಒಬ್ಬರು ಬಿಳಿ ಹಾಳೆಯ ಮೇಲೆ ಬಾಲ್‌ಪೆನ್ನಿನಲ್ಲಿ 'ಫೈಲ್ ಚಾರ್ಜ್' ಅಂತ ಬರೆದುಕೊಟ್ಟಿದ್ದು. ಸೀಲಿಲ್ಲ, ನಂಬರಿಲ್ಲ. ಮೂರರಲ್ಲಿ ದೊಡ್ಡ ಮೊತ್ತ ಅದೇ. ಮನೆಯಲ್ಲಿ ಮಾತ್ರ ಮೂರನ್ನೂ ಸೇರಿಸಿ 'ಅಮೆರಿಕದ ಫೀಸು' ಅನ್ನುತ್ತಿದ್ದರಂತೆ. ಸರ್ಕಾರಿ ಶುಲ್ಕಕ್ಕೆ ಒಂದು ಗುರುತಿದೆ. ಅದರ ಮೊತ್ತ ಆ ದೇಶದ ಸರ್ಕಾರಿ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ, ಕಟ್ಟಿದ ಮೇಲೆ ನಂಬರಿರುವ ರಸೀದಿ ಬರುತ್ತದೆ. ಇವೆರಡೂ ಇಲ್ಲದಿದ್ದರೆ ಅದು ಯಾರದೋ ಸೇವೆಯ ಕೂಲಿ. ಕೂಲಿ ತಪ್ಪು ಅಂತಲ್ಲ, ಶುಲ್ಕ ಅನ್ನಬಾರದು ಅಷ್ಟೆ. ಅಂದಹಾಗೆ ಆ ಹುಡುಗ 12 ತಿಂಗಳೊಳಗೆ ಅದೇ ಬಗೆಯ ವೀಸಾಕ್ಕೆ ಮತ್ತೆ ಅರ್ಜಿ ಹಾಕಿದರೆ ಸೆವಿಸ್ ರೊಕ್ಕವನ್ನು ಮತ್ತೆ ಕಟ್ಟಬೇಕಿಲ್ಲ. 185 ಡಾಲರ್ ಮಾತ್ರ ಹೊಸದಾಗಿ ಕಟ್ಟಬೇಕು.

ಈ ಶುಲ್ಕ ಯಾಕೆ ಆಗಾಗ ಏರುತ್ತದೆ? ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ಅರ್ಜಿ ನೋಡುವ ಖರ್ಚನ್ನು ಯಾರು ಹೊರಬೇಕು? ತೆರಿಗೆ ಕಟ್ಟುವ ಜನರಾ, ಅರ್ಜಿ ಹಾಕುವವರಾ? ಒಂದೊಂದು ದೇಶದ ಉತ್ತರ ಒಂದೊಂದು ಥರ.

ಅಮೆರಿಕ ಬಹುಪಾಲು ಅರ್ಜಿದಾರರ ತಲೆಗೇ ಕಟ್ಟಿದೆ. ಅಲ್ಲಿ ಗ್ರೀನ್ ಕಾರ್ಡ್ (ಕಾಯಂ ಆಗಿ ನೆಲೆಸುವ ಪರವಾನಗಿ) ಮತ್ತು ಪೌರತ್ವದ ಅರ್ಜಿಗಳನ್ನು ನೋಡುವುದು ಯುಎಸ್‌ಸಿಐಎಸ್ ಎಂಬ ಇಲಾಖೆ. ಅದರ ಖರ್ಚಿನಲ್ಲಿ ಸುಮಾರು 96 ಶೇಕಡಾ ಬರುವುದು ಈ ಶುಲ್ಕಗಳಿಂದಲೇ. ಹಾಗಾಗಿ ಸಿಬ್ಬಂದಿ ಸಂಬಳ ಏರಿದರೂ, ಬಾಕಿ ಅರ್ಜಿಗಳ ರಾಶಿ ಬೆಳೆದರೂ, ಅದು ಕೊನೆಗೆ ಬಂದು ಬೀಳುವುದು ಮುಂದಿನ ಅರ್ಜಿದಾರನ ಮೇಲೆ. ಎರಡು ವರ್ಷಕ್ಕೊಮ್ಮೆ ಲೆಕ್ಕ ಪರಿಶೀಲಿಸಬೇಕು ಅಂತ ಕಾನೂನೇ ಹೇಳುತ್ತದೆ. ಪರಿಶೀಲಿಸಿದಾಗಲೆಲ್ಲ ಏರಿಸಬೇಕು ಅಂತೇನಿಲ್ಲ. 2016ರ ಡಿಸೆಂಬರ್‌ನಲ್ಲಿ ಏರಿಸಿದ ಮೇಲೆ ಮುಂದಿನ ದೊಡ್ಡ ಬದಲಾವಣೆ ಜಾರಿಯಾಗಿದ್ದು 2024ರ ಏಪ್ರಿಲ್ 1ಕ್ಕೆ.

ನಡುವೆ 2020ರಲ್ಲಿ ಒಂದು ಪ್ರಯತ್ನ ನಡೆದಿತ್ತು. ಪೌರತ್ವದ ಅರ್ಜಿ, ಅಂದರೆ ಎನ್-400 ಫಾರಂ, ಬೆರಳ ಗುರುತಿನ 85 ಡಾಲರ್ ಸೇರಿ 725 ಡಾಲರ್ ಇತ್ತು. ಅದನ್ನು 1,170ಕ್ಕೆ ಏರಿಸುವ ನಿಯಮ ಅಕ್ಟೋಬರ್ 2ರಿಂದ ಜಾರಿಗೆ ಬರಬೇಕಿತ್ತು. ಮೂರು ದಿನ ಮೊದಲು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟ್ ತಡೆ ಕೊಟ್ಟಿತು. 2024ರಲ್ಲಿ ಬಂದ ಹೊಸ ದರ ಅಷ್ಟು ಜೋರಾಗಿರಲಿಲ್ಲ. ಕಾಗದದ ಮೇಲೆ ಹಾಕಿದರೆ 760, ಆನ್‌ಲೈನ್‌ನಲ್ಲಿ ಹಾಕಿದರೆ 710. ಬೆರಳ ಗುರುತಿನ ದುಡ್ಡು ಅದರಲ್ಲೇ ಸೇರಿತು. ಅಂದರೆ ಆನ್‌ಲೈನ್‌ನಲ್ಲಿ ಹಾಕುವವರಿಗೆ ಹಳೆಯದಕ್ಕಿಂತ 15 ಡಾಲರ್ ಕಡಿಮೆಯೇ ಆಯಿತು! ಆದಾಯ ಕಡಿಮೆ ಇದ್ದವರಿಗೆ 380 ಡಾಲರ್ ದರ ಇಟ್ಟರು. ತೀರಾ ಕಡಿಮೆ ಇದ್ದವರು ಪೂರ್ತಿ ವಿನಾಯಿತಿ ಕೇಳಬಹುದು.

ಆದರೆ ಅದೇ ನಿಯಮದಲ್ಲಿ ಗ್ರೀನ್ ಕಾರ್ಡ್‌ನ ಐ-485 ಅರ್ಜಿ 1,225ರಿಂದ 1,440 ಡಾಲರ್ ಆಯಿತು. ಹೊರದೇಶದವರನ್ನು ಕೆಲಸಕ್ಕೆ ಕರೆಸುವ ಕಂಪನಿಗಳಿಗೆ 600 ಡಾಲರ್‌ನ ಹೊಸ ಶುಲ್ಕ ಬಂತು, ಸಣ್ಣ ಕಂಪನಿಗಳಿಗೆ 300. ಆ ದುಡ್ಡು ಹೋಗುವುದು ಎಲ್ಲಿಗೆ ಗೊತ್ತಾ? ಆಶ್ರಯ ಕೇಳಿ ಬಂದವರ ಅರ್ಜಿ ನೋಡುವ ಖರ್ಚಿಗೆ. ಒಬ್ಬರ ಶುಲ್ಕದಲ್ಲಿ ಇನ್ನೊಬ್ಬರ ಅರ್ಜಿ ನಡೆಯುತ್ತದೆ. 'ಕೆಲಸದ ಖರ್ಚಿಗೆ ತಕ್ಕ ಶುಲ್ಕ' ಅನ್ನುವ ಮಾತು ಇಲ್ಲೇ ಸ್ವಲ್ಪ ಸಡಿಲ ಆಗುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಅದು ಪೂರ್ತಿ ಬಿಚ್ಚಿಹೋಯಿತು ಅಂತ ನನಗನ್ನಿಸುತ್ತದೆ. ಎಚ್-1ಬಿ, ಅಂದರೆ ಪರಿಣತ ಕೆಲಸಗಾರರನ್ನು ಕಂಪನಿಗಳು ಹೊರದೇಶದಿಂದ ಕರೆಸುವ ವೀಸಾ. ಅದರ ಹೊಸ ಅರ್ಜಿಗೆ 1,00,000 ಡಾಲರ್ ಅಂತ ಅಧ್ಯಕ್ಷರ ಆದೇಶ ಬಂತು. ಶುಕ್ರವಾರ ಸಹಿ, ಶನಿವಾರ ಕಳೆದು ಭಾನುವಾರ ಶುರುವಾಗುತ್ತಲೇ ಜಾರಿ. 2024ರ ಏರಿಕೆಗೆ ಒಂದು ವರ್ಷಕ್ಕೂ ಮೊದಲೇ ಕರಡು ಹೊರಡಿಸಿ, ಜನರ ಅಭಿಪ್ರಾಯ ಕೇಳಿದ್ದರು. ಇಲ್ಲಿ ಅದೇನೂ ಇರಲಿಲ್ಲ. ಈಗಾಗಲೇ ಅಲ್ಲಿ ಇರುವವರಿಗೂ ಇದು ಬೀಳುತ್ತದಾ, ಊರಿಗೆ ಬಂದಿರುವ ಮಗ ವಾಪಸ್ ಹೋಗಬಹುದಾ ಅಂತ ಗಂಗಾವತಿ, ಸಿಂಧನೂರು ಕಡೆಯ ಮನೆಗಳಲ್ಲೂ ಆ ವಾರಾಂತ್ಯ ಫೋನು ಬಿಸಿಯಾಗಿತ್ತು. ಹೊಸ ಅರ್ಜಿಗಳಿಗೆ ಮಾತ್ರ ಅಂತ ಸ್ಪಷ್ಟನೆ ಆಮೇಲೆ ಬಂತು. ಒಂದು ಫೈಲು ನೋಡುವುದಕ್ಕೆ ಲಕ್ಷ ಡಾಲರ್ ಖರ್ಚಾಗುವುದಿಲ್ಲ ಅಲ್ವಾ? ಇದನ್ನು ಶುಲ್ಕ ಅಂತ ಕರೆದರೂ, ಮಾಡುವುದು ಬಾಗಿಲು ಹಾಕುವ ಕೆಲಸ.

ಬ್ರಿಟನ್ನಿನದು ಇನ್ನೊಂದು ದಾರಿ. ಖರ್ಚಿಗಿಂತ ಜಾಸ್ತಿ ವಸೂಲಿ ಮಾಡಲು ಅಲ್ಲಿ ಕಾನೂನೇ ಅವಕಾಶ ಕೊಟ್ಟಿದೆ. ಅಲ್ಲಿ ಬೆಳೆದ ಮಕ್ಕಳು ಪೌರತ್ವಕ್ಕೆ ಹೆಸರು ನೋಂದಾಯಿಸಲು 1,012 ಪೌಂಡ್ ಕಟ್ಟಬೇಕಿತ್ತು. ಸರ್ಕಾರಕ್ಕೆ ಒಂದು ಅರ್ಜಿಗೆ ತಗಲುತ್ತಿದ್ದ ಖರ್ಚು 372 ಪೌಂಡ್. ಇದು ಕೋರ್ಟಿಗೆ ಹೋಯಿತು. ಕೆಳಗಿನ ಕೋರ್ಟುಗಳಲ್ಲಿ ಸರ್ಕಾರಕ್ಕೆ ಸೋಲು. 2022ರಲ್ಲಿ ಸುಪ್ರೀಂ ಕೋರ್ಟ್ ಮಾತ್ರ, ಸಂಸತ್ತು ಅಧಿಕಾರ ಕೊಟ್ಟಿದೆ, ಹಾಗಾಗಿ ಶುಲ್ಕ ಕಾನೂನುಬದ್ಧ ಅಂದಿತು. ಅದೇ ವರ್ಷ ಕಟ್ಟಲಾಗದ ಮಕ್ಕಳಿಗೆ ವಿನಾಯಿತಿ ಬಂತು.

ಕೆನಡಾದಲ್ಲಿ ಪೌರತ್ವದ ಅರ್ಜಿ 100 ಕೆನಡಿಯನ್ ಡಾಲರ್ ಇದ್ದದ್ದು 2014ರ ಫೆಬ್ರವರಿಯಲ್ಲಿ 300 ಆಯಿತು, 2015ರ ಜನವರಿಗೆ 530. ಆಸ್ಟ್ರೇಲಿಯಾ ಸ್ಟೂಡೆಂಟ್ ವೀಸಾ 710 ಆಸ್ಟ್ರೇಲಿಯನ್ ಡಾಲರ್ ಇದ್ದದ್ದು 2024ರ ಜುಲೈನಲ್ಲಿ 1,600, ಮರುವರ್ಷ 2,000. ಬಳ್ಳಾರಿಯಿಂದ ಓದಲು ಹೊರಟವರು ಕಾಲೇಜು ಫೀಸು ಒಂದನ್ನೇ ನೋಡಿ ಬಜೆಟ್ ಹಾಕುತ್ತಾರೆ. ಎಡವುವುದು ಇಲ್ಲೇ.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಇಂಥ ಶುಲ್ಕ ಗೆಜೆಟ್ ಅಧಿಸೂಚನೆಯಿಂದ ಬದಲಾಗುತ್ತದೆ. ಎಲ್ಲರಿಗೂ ಗೊತ್ತಿರುವುದು ಪಾಸ್‌ಪೋರ್ಟಿನದು. 2012ರ ಅಕ್ಟೋಬರ್‌ನಲ್ಲಿ 1,000 ರೂಪಾಯಿಯಿಂದ 1,500 ಆಯಿತು. ತತ್ಕಾಲ್ ಬೇಕಂದರೆ ಇನ್ನೂ 2,000. ತತ್ಕಾಲ್ ದುಡ್ಡು ಕೊಳ್ಳುವುದು ಬೇಗವನ್ನು ಮಾತ್ರ. ಪಾಸ್‌ಪೋರ್ಟ್ ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿ ಅದರಲ್ಲಿಲ್ಲ.

ಗಲ್ಫ್‌ಗೆ ಹೋಗುವವರು ನೋಡಬೇಕಾದ ಲೆಕ್ಕ ಬೇರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕೆಂಬ ಗುರುತು ಬೀಳುತ್ತದೆ. ಅವರು ನೋಂದಾಯಿತ ಏಜೆಂಟ್ ಮೂಲಕ ಹೋದರೆ, ಏಜೆಂಟ್ ತನ್ನ ಸೇವೆಗೆ ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೇಳಿ. ಕೊಡಲ್ಲ ಅಂದರೆ ಅಲ್ಲಿಗೇ ಬಿಡಿ.

ನಮ್ಮ ರಾಯಚೂರು ಜಿಲ್ಲೆಯಲ್ಲೇ ಪೌರತ್ವದ ಅರ್ಜಿ ಅನ್ನುವುದು ದಿನದ ಮಾತಾಗಿರುವ ಜಾಗ ಒಂದಿದೆ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪ್‌ಗಳು. ಈ ಕಡೆ ಕ್ಯಾಂಪ್ ಅಂದರೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಊರುಗಳೂ ಹೌದು. ಆರ್.ಎಚ್. ಕ್ಯಾಂಪ್ ಬೇರೆ. ಪೂರ್ವ ಪಾಕಿಸ್ತಾನದಿಂದ, ಅಂದರೆ ಇಂದಿನ ಬಾಂಗ್ಲಾದೇಶದಿಂದ ಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ ಸರ್ಕಾರ ಇಲ್ಲಿ ಪುನರ್ವಸತಿ ಕೊಟ್ಟಿತ್ತು. ಅಲ್ಲಿ ಹುಟ್ಟಿ ಬೆಳೆದವರು ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಮಾತಾಡುತ್ತಾರೆ. ಆದರೂ ಎಷ್ಟೋ ಜನರ ಪೌರತ್ವದ ಪ್ರಶ್ನೆ ದಶಕಗಟ್ಟಲೆ ಬಗೆಹರಿಯದೆ ಉಳಿದಿತ್ತು.

ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನದ ಅಲ್ಪಸಂಖ್ಯಾತರು ಪೌರತ್ವಕ್ಕೆ ನೋಂದಾಯಿಸಲು ಕಟ್ಟಬೇಕಿದ್ದ ಶುಲ್ಕ 3,000ದಿಂದ 15,000 ರೂಪಾಯಿವರೆಗೆ ಇತ್ತು. 2016ರಲ್ಲಿ ಕೇಂದ್ರ ಸರ್ಕಾರ ಅದನ್ನು 100ಕ್ಕೆ ಇಳಿಸಿತು. 2019ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ, ಜನರ ಬಾಯಲ್ಲಿ ಸಿಎಎ, ಬಂತು. ಆ ಮೂರು ದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಮಾತ್ರ ಅದು ಅನ್ವಯ. ಮುಸ್ಲಿಮರನ್ನು ಬಿಟ್ಟಿದ್ದಕ್ಕೆ ದೇಶದಲ್ಲಿ ದೊಡ್ಡ ವಿರೋಧ ನಡೆದದ್ದು, ವಿಷಯ ಸುಪ್ರೀಂ ಕೋರ್ಟಿಗೆ ಹೋದದ್ದು ಗೊತ್ತೇ ಇದೆ. ನಿಯಮಗಳು ಹೊರಬಿದ್ದದ್ದು 2024ರ ಮಾರ್ಚ್ 11ಕ್ಕೆ. ಅದರಡಿ ಅರ್ಜಿ ಶುಲ್ಕ 50 ರೂಪಾಯಿ.

ಶುಲ್ಕವೇ ಅಡ್ಡಿಯಾಗಿದ್ದರೆ ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 50 ರೂಪಾಯಿಯ ಅರ್ಜಿಯ ಜೊತೆ ಏನೇನು ಬೇಕು ನೋಡಿ. ತಾನೋ, ತಂದೆ ತಾಯಿಯೋ, ಅಜ್ಜ ಮುತ್ತಜ್ಜನೋ ಆ ದೇಶದವರು ಅನ್ನಲು ಒಂದು ದಾಖಲೆ. ಗಡುವಿನ ದಿನಕ್ಕೆ ಮೊದಲೇ ಭಾರತಕ್ಕೆ ಬಂದಿದ್ದರು ಅನ್ನಲು ಇನ್ನೊಂದು. ರೇಷನ್ ಕಾರ್ಡ್, ಶಾಲೆಯ ಟಿ.ಸಿ., ಜಮೀನಿನ ಕಾಗದ, ಎಲ್‌ಐಸಿ ಪಾಲಿಸಿ, ಹೀಗೆ ಹಲವನ್ನು ಒಪ್ಪುತ್ತಾರೆ. ಇಂಥ ಸಮುದಾಯದವರು ಅನ್ನಲು ಸ್ಥಳೀಯ ಸಂಸ್ಥೆಯೊಂದರ ಪತ್ರ ಬೇಕು. ಅಫಿಡವಿಟ್ ಬೇಕು. ಐವತ್ತು ವರ್ಷದ ಹಿಂದೆ ಟ್ರಂಕಿನಲ್ಲಿಟ್ಟ ಚೀಟಿಯ ಮಡಿಕೆ ಹರಿದಿರುತ್ತದೆ. ಹೆಸರು ಬಂಗಾಳಿಯಲ್ಲಿ ಒಂದು ಥರ, ಇಂಗ್ಲಿಷಿನಲ್ಲಿ ಒಂದು ಥರ, ನಮ್ಮ ಪಹಣಿಯಲ್ಲಿ ಮತ್ತೊಂದು ಥರ. ಅದನ್ನೆಲ್ಲ ಒಂದು ಮಾಡಲು ನೋಟರಿ, ಛಾಪಾ ಕಾಗದ, ಜೆರಾಕ್ಸ್, ರಾಯಚೂರಿಗೆ ಓಡಾಟ, ಒಂದೊಂದು ಓಡಾಟಕ್ಕೂ ಒಂದು ದಿನದ ಕೂಲಿ ಖೋತಾ. ಇದ್ಯಾವುದೂ ಶುಲ್ಕದ ಪಟ್ಟಿಯಲ್ಲಿ ಬರುವುದಿಲ್ಲ.

ಅರ್ಜಿ ಆನ್‌ಲೈನ್‌ನಲ್ಲಿ ಹೋದ ಮೇಲೆ ಮೂಲ ದಾಖಲೆ ತಾಳೆ ನೋಡುವುದು ಜಿಲ್ಲಾ ಮಟ್ಟದ ಸಮಿತಿ. ಅದರ ಮುಖ್ಯಸ್ಥರು ಯಾರು ಅಂದರೆ ಜಿಲ್ಲಾಧಿಕಾರಿ ಅಲ್ಲ, ಅಂಚೆ ಇಲಾಖೆಯ ಅಧೀಕ್ಷಕರು. ನಿಷ್ಠೆಯ ಪ್ರಮಾಣವಚನ ಬೋಧಿಸುವುದೂ ಅವರೇ. ಅಲ್ಲಿಂದ ಫೈಲು ರಾಜ್ಯ ಮಟ್ಟದ ಸಮಿತಿಗೆ ಹೋಗುತ್ತದೆ. ಅದರ ಮುಖ್ಯಸ್ಥರು ಜನಗಣತಿ ಇಲಾಖೆಯ ನಿರ್ದೇಶಕರು. ಪೌರತ್ವ ಕೊಡಬೇಕೋ ಬೇಡವೋ ಅನ್ನುವುದು ಅಲ್ಲಿ ತೀರ್ಮಾನ. ಸಿಂಧನೂರಿನ ಕ್ಯಾಂಪ್‌ಗಳ ಕೆಲವರಿಗೆ 2024ರಲ್ಲೇ ಪ್ರಮಾಣಪತ್ರ ಕೈಗೆ ಬಂತು. ಕಾಗದ ಹೊಂದಿಸುತ್ತಿರುವವರು ಇನ್ನೂ ಇದ್ದಾರೆ.